ಸ್ಪ್ರಿಂಗಾ, ಶಾಕಾ?

ಇವತ್ತು ಗ್ಯಾರೇಜಿನಲ್ಲಿ ನನ್ನ ಹಳೇ ಸ್ವಿಫ್ಟನ್ನು ಮೇಲೆತ್ತಿ ನಿಲ್ಲಿಸಿದ್ದರು. ಮುಂದಿನ ಎಡಗಡೆ ಶಾಕ್ ಅಬ್ಸಾರ್ಬರ್‌ನಿಂದ ಎಣ್ಣೆ ಜಿನುಗಿ, ಅದಕ್ಕೆ ಧೂಳು ಮೆತ್ತಿಕೊಂಡು ಕಪ್ಪಗೆ ಜಿಡ್ಡುಗಟ್ಟಿತ್ತು. ಕೆರೆದರೆ ಉಗುರಿನಲ್ಲೇ ಬರುತ್ತಿತ್ತು.

ಹೇಗೂ ಬದಲಾಯಿಸಬೇಕು, ಕಂಪನಿದಕ್ಕಿಂತ ಸ್ವಲ್ಪ ಒಳ್ಳೇದೇ ಹಾಕಿಸೋಣ ಅಂತ ಆಸೆ.

ಗೆಳೆಯರದ್ದು ಒಂದೇ ಮಾತು: ಕಾರನ್ನು ತಗ್ಗಿಸುವ ಲೋವರಿಂಗ್ ಸ್ಪ್ರಿಂಗ್ ಹಾಕಿಸು, ಲುಕ್ಕೇ ಬೇರೆ. ನಿಜ, ಚೆಂದ ಕಾಣುತ್ತದೆ. ಆದರೆ ಗ್ರೌಂಡ್ ಕ್ಲಿಯರೆನ್ಸ್, ಅಂದರೆ ನೆಲಕ್ಕೂ ಕಾರಿನ ತಳಕ್ಕೂ ನಡುವಿನ ಅಂತರ, ಇರುವುದೇ 170 ಮಿ.ಮೀ. ಅದರಲ್ಲೂ 30 ಕಳೆದರೆ ನಮ್ಮ ಬೀದಿಯ ಹಂಪ್ ದಾಟೋದು ಹೇಗೆ? ಅದೂ ಮನೆಮಂದಿಯೆಲ್ಲ ಕೂತಾಗ!

ಸ್ಪ್ರಿಂಗ್ ಭಾರ ಹೊರುತ್ತದೆ, ಅಷ್ಟೆ. ಅದರ ಕುಣಿತ ನಿಲ್ಲಿಸುವುದು ಶಾಕ್. ಗಟ್ಟಿ ಸ್ಪ್ರಿಂಗ್ ಹಾಕಿ ಸುಸ್ತಾದ ಶಾಕ್ ಹಾಗೇ ಬಿಟ್ಟರೆ ಕಾರು ಸುಮ್ನೆ ಜಿಗಿಯುತ್ತಿರುತ್ತದೆ. ಸ್ಪ್ರಿಂಗೂ ಶಾಕೂ ಒಂದೇ ಸೆಟ್ಟಾಗಿ ಬರುವ ಕಾಯಿಲೋವರ್‌ನಲ್ಲಿ ಎತ್ತರ ಬೇಕಾದ ಹಾಗೆ ಹೊಂದಿಸಬಹುದು, ಆದರೆ ದುಡ್ಡು ಜಾಸ್ತಿ. ದಿನಾ ಆಫೀಸಿಗೆ ಹೋಗುವ ಕಾರಿಗೆ ಅದೆಲ್ಲ ಯಾಕೆ, ಅಲ್ವಾ?

"ಸರ್, ಮೊದಲು ಗ್ಯಾಸ್ ಶಾಕ್ ಹಾಕ್ಸಿ. ಎಡ, ಬಲ ಎರಡೂ ಒಟ್ಟಿಗೆ. ಶಾಕ್ ಕೂರಿಸೋ ಮೌಂಟ್, ರಬ್ಬರ್ ಬುಷ್ಷೂ ಹೊಸದಿರಲಿ. ಆಮೇಲೆ ವೀಲ್ ಅಲೈನ್‌ಮೆಂಟ್" ಅಂದರು ಮೆಕ್ಯಾನಿಕ್. ಗ್ಯಾಸ್ ಶಾಕ್ ಅಂದರೆ ಎಣ್ಣೆಯ ಜೊತೆ ಒತ್ತಡದ ಗ್ಯಾಸೂ ತುಂಬಿರುವ ಶಾಕ್.

ಸ್ಪ್ರಿಂಗ್ ಕಂಪನಿದೇ ಇರಲಿ ಅಂದೆ. ಹಿಂಬದಿಯ ಶಾಕ್ ಕೂಡ ಬದಲಾಯಿಸಲು ಹೇಳಿಬಿಟ್ಟೆ, ಬೆನ್ನುನೋವಿನ ಅಪ್ಪ ಕೂರುವುದು ಹಿಂದಿನ ಸೀಟಿನಲ್ಲೇ.