ಹನ್ನೊಂದು ಏಣಿನ ಚಿಪ್ಪು

20 ಅಕ್ಟೋಬರ್ 2024, ಭಾನುವಾರ
ವಿಲಿಯಮ್ಸ್‌ಬರ್ಗ್, ವರ್ಜೀನಿಯಾ

ಇಳಿತದ ಹೊತ್ತು ನೋಡಿಕೊಂಡು ಮಗಳ ಜೊತೆ ಯಾರ್ಕ್ ರಿವರ್ ಸ್ಟೇಟ್ ಪಾರ್ಕಿಗೆ ಹೋಗಿದ್ದೆ. ಕಾಡಿನ ದಾರಿ ಇಳಿದರೆ ಹೊಳೆದಂಡೆ. ಹೆಸರೇ ಫಾಸಿಲ್ ಬೀಚ್. ಒಬ್ಬರು ಒಂದೇ ಒಂದು ಪಳೆಯುಳಿಕೆ ಮನೆಗೆ ಒಯ್ಯಬಹುದು.

ನಾನು ಕುಮಟೆ ಕಡೆಯವಳು. ಅಘನಾಶಿನಿಯಲ್ಲಿ ಬಳಚು ಆರಿಸುವವರನ್ನು ನೋಡುತ್ತ ಬೆಳೆದವಳು. ಚಿಪ್ಪೆಂದರೆ ಸಾರು, ಇಲ್ಲವೇ ಸುಣ್ಣ. ಇಲ್ಲಿನ ಚಿಪ್ಪುಗಳು 30ರಿಂದ 50 ಲಕ್ಷ ವರ್ಷ ಹಿಂದಿನವು. ಆಗ ಈ ನೆಲವೆಲ್ಲ ಸಮುದ್ರದಡಿಯಿತ್ತು.

ಮೊದಲ ಅರ್ಧ ಗಂಟೆ ಕೈಗೆ ಸಿಕ್ಕಿದ್ದೆಲ್ಲ ಇವತ್ತಿನ ಸಿಂಪಿ. ಹೊಸದೂ ಹಳೆಯದೂ ಒಂದೇ ಮರಳಲ್ಲಿ ಬೆರೆತು ಬಿದ್ದಿರುತ್ತವೆ. ಆಮೇಲೆ ಅಂಗೈ ತುಂಬುವ ಬೀಸಣಿಗೆಯಂಥ ಚಿಪ್ಪಿನ ಒಂದು ಚೂರು ಸಿಕ್ಕಿತು, ಚೆಸಪೆಕ್ಟೆನ್. ಈ ಕುಲವೇ ಈಗ ಬದುಕಿಲ್ಲ. ಹಾಗಾಗಿ ಅದನ್ನು ಕಂಡರೆ ಅನುಮಾನಕ್ಕೆ ಜಾಗವಿಲ್ಲ.

ಆದರೆ ಯಾವ ಚೆಸಪೆಕ್ಟೆನ್? ಅಮೆರಿಕದ ಜೀವವಿಜ್ಞಾನಿ ಥಾಮಸ್ ಸೇ 1824ರಲ್ಲಿ ಒಂದಕ್ಕೆ ಅಧ್ಯಕ್ಷರಾಗಿದ್ದ ಜೆಫರ್ಸನ್ ಹೆಸರಿಟ್ಟ, ಇನ್ನೊಂದಕ್ಕೆ ಇನ್ನೊಬ್ಬ ಅಧ್ಯಕ್ಷ ಮ್ಯಾಡಿಸನ್ ಹೆಸರು. ನನ್ನಂಥ ಹೊಸಬರಿಗೆ ಸುಲಭದ ದಾರಿ ಏಣು, ಅಂದರೆ ಚಿಪ್ಪಿನ ಮೇಲಿನ ಉಬ್ಬುಗೆರೆ ಎಣಿಸುವುದು. 9ರಿಂದ 12 ಇದ್ದರೆ ಜೆಫರ್ಸೋನಿಯಸ್, ಅದಕ್ಕಿಂತ ಹೆಚ್ಚಿದ್ದರೆ ಸಾಮಾನ್ಯವಾಗಿ ಮ್ಯಾಡಿಸೋನಿಯಸ್. ಚೂರಿನಲ್ಲಿ ಎಣಿಸುವುದೇನು? ಇಟ್ಟುಬಿಟ್ಟೆ.

ಬಿದ್ದ ಮರವೊಂದರ ಬೇರಿನ ಸಂದಿಯಲ್ಲಿ ಇಡೀ ಚಿಪ್ಪು ಸಿಕ್ಕಿತು. ನೀರಲ್ಲಿ ಅದ್ದಿ ಹೆಬ್ಬೆರಳಲ್ಲಿ ಕೆಸರು ಒರೆಸಿ ಎಣಿಸಿದೆ: 11. ಅಂಚಿನ ಏಣುಗಳು ಸವೆದಿರುತ್ತವಲ್ಲ, ಮಗಳ ಕೈಯಲ್ಲೂ ಎಣಿಸಿಸಿದೆ. 11! ವರ್ಜೀನಿಯಾ 1993ರಿಂದ ತನ್ನ ರಾಜ್ಯ ಪಳೆಯುಳಿಕೆ ಎಂದು ಮೆರೆಸುತ್ತಿರುವ ಜೆಫರ್ಸೋನಿಯಸ್. 1687ರಲ್ಲೇ ಇಂಗ್ಲೆಂಡಿನ ಪ್ರಕೃತಿ ವಿಜ್ಞಾನಿ ಮಾರ್ಟಿನ್ ಲಿಸ್ಟರ್ ಇದರ ಚಿತ್ರ ಅಚ್ಚು ಹಾಕಿಸಿದ್ದ. ಉತ್ತರ ಅಮೆರಿಕದ ಪಳೆಯುಳಿಕೆಯೊಂದು ಚಿತ್ರವಾಗಿ ಅಚ್ಚಾದದ್ದು ಅದೇ ಮೊದಲು. ಅದೇ ಜಾತಿಯದು ನನ್ನ ಅಂಗೈಯಲ್ಲಿ ಒದ್ದೆಯಾಗಿ ಕೂತಿತ್ತು. ಕೈ ಸಣ್ಣಗೆ ನಡುಗಿತು.

ಮಗಳು ಆರಿಸಿದ್ದು ಗುಂಡನೆಯ ದಪ್ಪ ಚಿಪ್ಪು. ತಿರುಗಿಸಿ ನೋಡಿದರೆ ಕೀಲಿನ ಜಾಗದಲ್ಲಿ ಬಾಚಣಿಗೆಯಂತೆ ಹಲ್ಲಿನ ಸಾಲು. ಅದರಿಂದಲೇ ಗ್ಲೈಸಿಮೆರಿಸ್ ಎಂಬ ಕುಲದ ಚಿಪ್ಪು ಎಂದು ಗುರುತು. ನೆತ್ತಿಯಲ್ಲಿ ದುಂಡಗಿನ ತೂತು, ಹೊರಗೆ ಅಗಲ, ಒಳಗೆ ಕಿರಿದು. ಶಂಖದಹುಳುವೊಂದು ಕೊರೆದು ತಿಂದ ಗುರುತು ಅದು. "ಅಮ್ಮ, ಇದನ್ನ ಯಾರೋ ತಿಂದಿದ್ದಾರೆ!" ಅಂದಳು, ನಿನ್ನೆ ನಡೆದದ್ದೇನೋ ಎಂಬಂತೆ.

ರಾತ್ರಿ ದೀಪದಡಿ ನನ್ನ ಚಿಪ್ಪನ್ನು ಮಗುಚಿದೆ. ಒಳಮೈಗೆ ಅಂಟಿಕೊಂಡು ಮೂರು ಬಾರ್ನಕಲ್‌ಗಳು, ಬಂಡೆಗೋ ಚಿಪ್ಪಿಗೋ ಕಚ್ಚಿಕೊಂಡು ಬದುಕುವ ಪುಟ್ಟ ಕಡಲಜೀವಿಗಳು. ಒಳಗೆ ಪ್ರಾಣಿ ಬದುಕಿದ್ದರೆ ಅವು ಅಲ್ಲಿ ನೆಲೆಸುವುದು ಸಾಧ್ಯವೇ ಇರಲಿಲ್ಲ. ಅಂದರೆ ಅದು ಸತ್ತು, ಚಿಪ್ಪು ಬಾಯಿ ತೆರೆದು, ಹೂತುಹೋಗುವ ಮುಂಚೆ ಕೆಲವು ಕಾಲ ಸಮುದ್ರದ ತಳದಲ್ಲಿ ಬಿದ್ದಿತ್ತು. ಅಷ್ಟರಲ್ಲಿ ಇವು ಮೂರು ಅಲ್ಲಿ ಮನೆ ಮಾಡಿಕೊಂಡಿವೆ.

ಏಣುಗಳ ನಡುವಿನ ಮರಳನ್ನು ಬ್ರಷ್ಷಿನಿಂದ ತೆಗೆದೆ. ಬಾರ್ನಕಲ್‌ಗಳನ್ನು ಮುಟ್ಟಲಿಲ್ಲ.