ಅರ್ಧ ಡಿಗ್ರಿ

“ಎಷ್ಟು ಇಳಿದಿದೆ?”

“ಅರ್ಧ ಡಿಗ್ರಿ ಮೇಡಂ, ಅಷ್ಟೇ.”

“ಬರೀ ಅರ್ಧ ಡಿಗ್ರಿನಾ? ಹಾಗಾದ್ರೆ ಒಂದ್ಸಲ ಕರ್ಕೊಂಡು ಬಂದ್ಬಿಡಿ.”

ಮಂಗಳವಾರ ರಾತ್ರಿ ಹನ್ನೆರಡೂವರೆಗೆ ಆಸ್ಪತ್ರೆಯ ನರ್ಸ್ ಜೊತೆ ಫೋನಿನಲ್ಲಿ ಆಡಿದ ಮಾತು ಇಷ್ಟು. ನಾಲ್ಕು ದಿನದಿಂದ ಅದೇ ಕಿವಿಯಲ್ಲಿ ಸುತ್ತುತ್ತಿದೆ. ನಾನು ಸುಳ್ಳು ಹೇಳಿರಲಿಲ್ಲ. ಅವರೂ ತಪ್ಪು ಕೇಳಿಸಿಕೊಂಡಿರಲಿಲ್ಲ. ಆದರೂ ಆಗಷ್ಟೇ ನಿದ್ದೆ ಹತ್ತಿದ್ದ ಮಗಳನ್ನು ಎಬ್ಬಿಸಿ, ಶಾಲು ಸುತ್ತಿ, ಹೆಗಲಿಗೆ ಹಾಕಿಕೊಂಡು ಓಡಿದೆ. ಎತ್ತಿಕೊಂಡಾಗ ಅವಳ ಕುತ್ತಿಗೆಯ ಹಿಂದೆ ಕೂದಲು ಬೆವರಿಗೆ ಅಂಟಿಕೊಂಡಿತ್ತು. ಜ್ವರ ಬಿಡುವಾಗ ಬರುವ ಬೆವರು ಅದು. ಕೈಗೆ ತಾಗಿದರೂ ತಲೆಗೆ ಹೋಗಲಿಲ್ಲ. ತಲೆಯಲ್ಲಿ ಅರ್ಧ ಡಿಗ್ರಿ ಕೂತಿತ್ತು.

ನಮ್ಮ ಹಳೆಯ ಗಾಜಿನ ಥರ್ಮಾಮೀಟರ್ ಒಡೆದುಹೋದ ಮೇಲೆ ಅಕ್ಕ ಒಂದು ಡಿಜಿಟಲ್ ತಂದುಕೊಟ್ಟಿದ್ದಳು. ಅದು ತೋರಿಸುವುದು ಸೆಲ್ಸಿಯಸ್ ಮಾತ್ರ. ಹನ್ನೊಂದೂವರೆಗೆ ಕಂಕುಳಲ್ಲಿಟ್ಟಾಗ ಪರದೆಯ ಮೇಲೆ 39.4 ಬಂತು. ನೂರು, ನೂರಾಒಂದು ಎಂದೇ ಜ್ವರ ಎಣಿಸಿ ಬೆಳೆದವಳಿಗೆ ಮೂವತ್ತೊಂಬತ್ತು ಎಂದರೆ ಒಂದು ಕ್ಷಣ ಏನೂ ಅಲ್ಲ ಅನ್ನಿಸಿತು. ಫೋನಿನಲ್ಲಿ ಹಾಕಿ ಫ್ಯಾರನ್‌ಹೀಟ್‌ಗೆ ಬದಲಾಯಿಸಿ ನೋಡಿದರೆ 102.9. ಎದೆ ಝಲ್ಲೆಂದಿತು. ಫೋನ್ ಮಾಡಿ “ನೂರಾ ಎರಡು ಪಾಯಿಂಟ್ ಒಂಬತ್ತು” ಎಂದೆ. ಡಾಕ್ಟರ್ ಮೊದಲೇ ಬರೆದುಕೊಟ್ಟಿದ್ದ ಔಷಧಿ ಕೊಟ್ಟು ಒಂದು ಗಂಟೆ ಬಿಟ್ಟು ಮತ್ತೆ ಫೋನ್ ಮಾಡಿ ಎಂದರು.

ಗಂಟೆ ಬಿಟ್ಟು ನೋಡಿದಾಗ 38.8. ಈ ಸಲ ಬದಲಾಯಿಸುವ ಗೋಜಿಗೆ ಹೋಗಲಿಲ್ಲ. ಎಷ್ಟು ಇಳಿದಿದೆ ಎಂದು ಕೇಳಿದರಲ್ಲ, ಕಳೆದರೆ ಮುಗಿಯಿತು: 0.6. ಬಾಯಲ್ಲಿ ಅರ್ಧ ಡಿಗ್ರಿ ಎಂದು ಬಂತು.

ಆ ಕಡೆ ನರ್ಸ್ ಮುಂದಿದ್ದದ್ದು ನಾನೇ ಕೊಟ್ಟ 102.9. ಅದರಲ್ಲಿ ಅರ್ಧ ಕಳೆದು 102.4 ಎಂದುಕೊಂಡಿರಬೇಕು. ಮಗಳ ಮೈ ನಿಜಕ್ಕೂ ಇದ್ದದ್ದು 101.8ರಲ್ಲಿ. ಫ್ಯಾರನ್‌ಹೀಟ್ ಲೆಕ್ಕದಲ್ಲಿ ಒಂದು ಡಿಗ್ರಿಗಿಂತ ತುಸು ಹೆಚ್ಚೇ ಇಳಿದಿತ್ತು. ಆಸ್ಪತ್ರೆಯಲ್ಲಿ ನೋಡಿದಾಗ 101.2. “ಇಳೀತಾ ಇದೆಯಲ್ಲಮ್ಮ, ಮಲಗಿದ್ರೆ ಮಲಗೋಕೆ ಬಿಡಬೇಕಿತ್ತು” ಎಂದರು ಡಾಕ್ಟರ್, ಬೈಯುವ ದನಿಯಲ್ಲೇನೂ ಅಲ್ಲ. ಮಗಳು ಮಾತ್ರ ಟ್ಯೂಬ್‌ಲೈಟ್ ಬೆಳಕಿಗೆ ಕಣ್ಣು ಬಿಡಲಾಗದೆ ನನ್ನ ಕುತ್ತಿಗೆಗೆ ಮುಖ ಒತ್ತಿಕೊಂಡು ಅಳುತ್ತಿದ್ದಳು.

ಹೊರಗೆ ಬೆಂಚಿನ ಮೇಲೆ ಕೂತಾಗ ನಮ್ಮೆಜಮಾನರು ಫೋನ್ ತೆಗೆದು 0.6 ಸೆಲ್ಸಿಯಸ್ ಎಂದರೆ ಫ್ಯಾರನ್‌ಹೀಟ್‌ನಲ್ಲಿ ಎಷ್ಟು ಎಂದು ಕೇಳಿದರು. ಉತ್ತರ 33.08. “ಮೂವತ್ತಮೂರು ಡಿಗ್ರಿ ಇಳಿದಿದೆ ಅಂತಿದೆ ಕಣೇ, ಇದರಲ್ಲೇ ಏನೋ ಎಡವಟ್ಟಿದೆ” ಎಂದರು. ಅವರು ಲೆಕ್ಕದಲ್ಲಿ ದಡ್ಡರಲ್ಲ. ಆದರೆ ಯಂತ್ರ ಏನಾದರೂ ಹೇಳಿದರೆ ಯಂತ್ರ ಕೆಟ್ಟಿದೆ ಎನ್ನುತ್ತಾರೆ, ಇಲ್ಲವೇ ಅದೇ ಸರಿ ಎನ್ನುತ್ತಾರೆ. ನಾವು ಕೇಳಿದ ಪ್ರಶ್ನೆಯೇ ತಪ್ಪಿರಬಹುದು ಎಂದು ಯೋಚಿಸುವುದಿಲ್ಲ. ನನಗೂ ಆ ರಾತ್ರಿ ಹೊಳೆಯಲಿಲ್ಲ. ಮಾರನೆಯ ದಿನ, ಮಗಳು ಮಲಗಿದ್ದಾಗ, ಕಾಗದ ಪೆನ್ನು ಹಿಡಿದು ಕೂತೆ.

ಶಾಲೆಯಲ್ಲಿ ಕಲಿತ ಸೂತ್ರ ನೆನಪಿತ್ತು: 1.8ರಿಂದ ಗುಣಿಸು, 32 ಕೂಡು. ಏಕೆ ಎಂದು ಆಗ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ನೀರು ಹೆಪ್ಪುಗಟ್ಟುವಲ್ಲಿಂದ ಕುದಿಯುವವರೆಗೆ ಸೆಲ್ಸಿಯಸ್‌ನಲ್ಲಿ 100 ಮೆಟ್ಟಿಲು. ಅದೇ ಎತ್ತರಕ್ಕೆ ಫ್ಯಾರನ್‌ಹೀಟ್‌ನಲ್ಲಿ 180, ಏಕೆಂದರೆ ಅದು 32ರಿಂದ 212ರವರೆಗೆ ಎಣಿಸುತ್ತದೆ. ಹಾಗಾಗಿ ಸೆಲ್ಸಿಯಸ್‌ನ ಒಂದು ಮೆಟ್ಟಿಲು ಇಲ್ಲಿ ಒಂದೂಮುಕ್ಕಾಲಿಗಿಂತ ಸ್ವಲ್ಪ ಜಾಸ್ತಿ. ಇನ್ನು 32ಕ್ಕೂ ಮೆಟ್ಟಿಲಿನ ಎತ್ತರಕ್ಕೂ ಸಂಬಂಧವೇ ಇಲ್ಲ. ಎರಡು ಮಾಪಕಗಳೂ ಸೊನ್ನೆಯನ್ನು ಬೇರೆ ಬೇರೆ ಕಡೆ ಇಟ್ಟುಕೊಂಡಿವೆ, ಅದನ್ನು ಸರಿದೂಗಿಸಲು ಆ 32. ಶಾಸನದಲ್ಲಿ ಶಕವರ್ಷ ಕಂಡರೆ 78 ಕೂಡಿಸಿ ಕ್ರಿಸ್ತಶಕ ಮಾಡಿಕೊಳ್ಳುತ್ತೇವಲ್ಲ, ಹಾಗೆ. ಆದರೆ ರಾಜ ಮೂರು ವರ್ಷ ಆಳಿದ ಎಂದಿದ್ದರೆ ಆ ಮೂರಕ್ಕೆ ಯಾರೂ 78 ಕೂಡಿಸುವುದಿಲ್ಲ. ಮಗಳ ಜ್ವರ ಇಳಿದ 0.6ಕ್ಕೂ 32 ಕೂಡಿಸುವ ಹಾಗಿಲ್ಲ. 1.8ರಿಂದ ಗುಣಿಸಿದರೆ ಸಾಕು: 1.08.

ಡಿಗ್ರಿ ಎಂಬ ಒಂದೇ ಪದದ ಮೇಲೆ ನಾವು ಎರಡು ಕೆಲಸ ಹೊರಿಸಿದ್ದೇವೆ. “ಮೈ 39 ಡಿಗ್ರಿ ಇದೆ” ಎಂದಾಗ ಅದು ಇರುವ ಜಾಗ. “ಒಂದು ಡಿಗ್ರಿ ಇಳಿಯಿತು” ಎಂದಾಗ ನಡೆದ ದೂರ. ಇದು ನಮ್ಮ ಮನೆಯ ಜ್ವರಕ್ಕಷ್ಟೇ ಸಂಬಂಧಿಸಿದ್ದಲ್ಲ ಎಂದು ಹೊಳೆದಾಗ ಮೈ ಜುಮ್ಮೆಂದಿತು. 2015ರ ಪ್ಯಾರಿಸ್ ಒಪ್ಪಂದದಲ್ಲಿ ಭೂಮಿಯ ಸರಾಸರಿ ತಾಪದ ಏರಿಕೆಯನ್ನು 1.5 ಡಿಗ್ರಿಯೊಳಗೆ ಹಿಡಿದಿಡಲು ಪ್ರಯತ್ನಿಸಬೇಕೆಂಬ ಮಾತಿದೆ. ಅದು ಏರಿಕೆ, ಅಂದರೆ ದೂರ, ಫ್ಯಾರನ್‌ಹೀಟ್‌ನಲ್ಲಿ 2.7. ಫೋನಿಗೆ ಕೊಟ್ಟರೆ 34.7 ಎನ್ನುತ್ತದೆ. ಅದಕ್ಕೆ ಗೊತ್ತಿರುವುದು ಜಾಗ ಮಾತ್ರ. ಒಂದೂವರೆ ಡಿಗ್ರಿ ತಾನೇ, ಬೆಳಗ್ಗೆಗೂ ಮಧ್ಯಾಹ್ನಕ್ಕೂ ಹತ್ತು ಡಿಗ್ರಿ ವ್ಯತ್ಯಾಸ ಇರುತ್ತದಲ್ಲ ಎನ್ನುವವರನ್ನು ಕಂಡರೆ ನನಗೆ ಈಗ ಕೋಪ ಬರುತ್ತದೆ. ಮೈಯ ಸರಾಸರಿ ಒಂದೂವರೆ ಡಿಗ್ರಿ ಏರಿದರೆ ಮಗು ಹೇಗೆ ಮುದುಡಿಕೊಳ್ಳುತ್ತದೆ ಎಂದು ಅವರೂ ಕಂಡಿರುತ್ತಾರೆ.

ಹುಡುಕುತ್ತಾ ಹೋದಾಗ ಈ ಸೊನ್ನೆಗಳ ಹಿಂದಿನ ಮನುಷ್ಯರೂ ಸಿಕ್ಕರು. ಫ್ಯಾರನ್‌ಹೀಟ್ 1724ರಲ್ಲಿ ತನ್ನ ಮಾಪಕವನ್ನು ವಿವರಿಸಿದಾಗ ಐಸು, ನೀರು ಮತ್ತು ನವಸಾಗರ ಎಂಬ ಲವಣದ ಮಿಶ್ರಣದ ತಂಪನ್ನು ಸೊನ್ನೆ ಎಂದು ಹಿಡಿದಿದ್ದ. ಆರೋಗ್ಯವಂತನ ಮೈಬಿಸಿ ಅವನಿಗೆ 96. ಸೆಲ್ಸಿಯಸ್ 1742ರಲ್ಲಿ ಮಾಡಿದ ಮಾಪಕ ತಲೆಕೆಳಗಾಗಿತ್ತು: ಕುದಿಯುವ ನೀರು 0, ಹೆಪ್ಪುಗಟ್ಟುವ ನೀರು 100. ಅವನು ತೀರಿಕೊಂಡದ್ದು 1744ರಲ್ಲಿ. ಆಮೇಲೆ ಅದನ್ನು ತಿರುಗಿಸಿ ಹಾಕಿದರು. ತಿರುಗಿಸದೇ ಇದ್ದಿದ್ದರೆ ಆ ರಾತ್ರಿ ನಾನು ನೋಡುತ್ತಿದ್ದದ್ದು 60.6, ಗಂಟೆ ಬಿಟ್ಟು 61.2. ಏರಿದೆ ಎಂದರೆ ಸಮಾಧಾನ. ಇದನ್ನು ಯೋಚಿಸುತ್ತಾ ಬಹಳ ಹೊತ್ತು ಕೂತಿದ್ದೆ.

ಇಷ್ಟರ ನಡುವೆ ನಮ್ಮತ್ತೆಯದು ಇನ್ನೊಂದು ಕಳವಳ. ಗುರುವಾರ ಬೆಳಗ್ಗೆ ನಾನು 99 ಎಂದರೆ, “ಇನ್ನೂ 98.6ಕ್ಕೆ ಬಂದಿಲ್ಲವಲ್ಲಮ್ಮಾ” ಎಂದರು. ಹಳೆಯ ಗಾಜಿನ ಕಡ್ಡಿಯಲ್ಲಿ ಆ ಅಂಕಿಯ ಹತ್ತಿರ ಪುಟ್ಟ ಬಾಣದ ಗುರುತಿತ್ತು. ಕಿಟಕಿಯ ಬೆಳಕಿಗೆ ಹಿಡಿದು, ಬೆರಳಲ್ಲಿ ತಿರುಗಿಸುತ್ತಾ, ಬೆಳ್ಳಿಯ ಗೆರೆ ಬಾಣ ದಾಟಿದೆಯೋ ಇಲ್ಲವೋ ಎಂದು ಅವರು ನೋಡುತ್ತಿದ್ದ ರೀತಿ ಕಣ್ಣಿಗೆ ಕಟ್ಟಿದ ಹಾಗಿದೆ. ಮಕ್ಕಳ ಜ್ವರ ಕಾದು ಎಷ್ಟು ರಾತ್ರಿ ಕಳೆದ ಜೀವವೋ ಅದು. ಅವರಿಗೆ ವಾದ ಮಾಡಿ ಹೇಳಬಾರದು, ಪಕ್ಕ ಕೂತು ಹೇಳಬೇಕು. ಹೇಳಿದೆ: ಜರ್ಮನಿಯ ವುಂಡರ್‌ಲಿಷ್ ಎಂಬ ವೈದ್ಯ ಬಹಳಷ್ಟು ರೋಗಿಗಳ ಮೈಬಿಸಿ ಅಳೆದು, 1868ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಕೊಟ್ಟದ್ದು 37 ಸೆಲ್ಸಿಯಸ್. ಅದನ್ನು ಫ್ಯಾರನ್‌ಹೀಟ್‌ಗೆ ತಿರುಗಿಸಿದಾಗ 98.6 ಆಯಿತು. ಆ ಪಾಯಿಂಟ್ ಆರು ಗುಣಾಕಾರದಿಂದ ಬಂದದ್ದು, ಯಾರ ಮೈಯಲ್ಲೂ ಕೂತಿಲ್ಲ. ಬೆಳಗ್ಗೆ ಒಂದು, ಸಂಜೆ ಒಂದು ಇರುತ್ತದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾದ್ರೆ ಅಷ್ಟು ವರ್ಷ ಪಾಯಿಂಟಿಗೆಲ್ಲ ಹೆದರಿಕೊಂಡೆನಲ್ಲ” ಎಂದರು.

ಈಗ ಥರ್ಮಾಮೀಟರಿನ ಡಬ್ಬಿಯೊಳಗೆ ಒಂದು ಚೀಟಿ ಇಟ್ಟಿದ್ದೇನೆ. 37 – 98.6, 38 – 100.4, 39 – 102.2, 40 – 104. ಕೆಳಗೆ, ಇಳಿದದ್ದಕ್ಕೆ 32 ಕೂಡಿಸಬೇಡಿ ಎಂದು ಕೆಂಪು ಪೆನ್ನಿನಲ್ಲಿ ಬರೆದಿದ್ದೇನೆ. ಎರಡರಷ್ಟು ಮಾಡಿ ಅದರಲ್ಲಿ ಹತ್ತನೇ ಒಂದು ಪಾಲು ಕಳೆದರೆ 1.8ರ ಗುಣಾಕಾರ ಬಾಯಲ್ಲೇ ಬರುತ್ತದೆ. ನಮ್ಮೆಜಮಾನರಿಗೆ ಅದನ್ನೂ ಕಲಿಸಿದೆ.

ನಿನ್ನೆ ಸಂಜೆ ಆ ನರ್ಸ್ ತಾವಾಗಿಯೇ ಫೋನ್ ಮಾಡಿದ್ದರು. ರಾತ್ರಿ ಪಾಳಿಯಲ್ಲಿ ಎಷ್ಟು ಜನರ ಕರೆ ತೆಗೆದುಕೊಂಡಿರುತ್ತಾರೋ, ನಮ್ಮನ್ನು ನೆನಪಿಟ್ಟುಕೊಂಡಿದ್ದರು. ನಡೆದದ್ದನ್ನೆಲ್ಲ ಹೇಳಿದೆ. “ಅಯ್ಯೋ, ಯಾವ ಡಿಗ್ರಿ ಅಂತ ನಾನಾದ್ರೂ ಕೇಳ್ಬೇಕಿತ್ತಲ್ಲ” ಎಂದರು. ಆಮೇಲೆ, “ಈಗ ಎಷ್ಟಿದೆ?”

“37.1 ಮೇಡಂ. ಸೆಲ್ಸಿಯಸ್.”

ಆ ಕಡೆ ಒಂದು ಕ್ಷಣ ಮೌನ, ಪೆನ್ನು ಗೀಚುವ ಸದ್ದು.

“98.8,” ಎಂದರು. “ಸರಿ, ಮಲಗ್ಲಿ ಬಿಡಿ.”