ಸೀಗೆ ಹುಣ್ಣಿಮೆಗೆ ಹೆಗ್ಗೋಡಿಗೆ ಹೋಗಿ: ಗಿಡ, ಬಣ್ಣ, ಮಗ್ಗದ ಜೊತೆ ಒಂದು ತಿಂಗಳು

ಬಣ್ಣ ಕೊಡುವ ಗಿಡಗಳ ಬಗ್ಗೆ ಸಿನಿಮಾ ಮಾಡೋಣ ಅಂತ ಮಲೆನಾಡಿಗೆ ಹೊರಡುವವರು ರಜೆ ನೋಡಿಕೊಂಡು ಟಿಕೆಟ್ ತೆಗೆಯಬೇಡಿ. ಪಂಚಾಂಗ ನೋಡಿ ತೆಗೆಯಿರಿ. ನಾನು ಮೊದಲ ಸಲ ಜೂನ್ ಕೊನೆಗೆ ಹೋಗಿದ್ದೆ. ನೂಲು ಒಣಗುವುದಿಲ್ಲ, ಅಂಗಳದಲ್ಲಿ ಕೆಲಸ ಇಲ್ಲ, ಗದ್ದೆ ನಾಟಿಯ ಗಡಿಬಿಡಿಯಲ್ಲಿ ಯಾರಿಗೂ ಪುರುಸೊತ್ತಿಲ್ಲ. ಎರಡನೇ ಸಲ, ದಸರಾ ಮುಗಿದ ಮೇಲೆ ಬರುವ ಸೀಗೆ ಹುಣ್ಣಿಮೆಗೆ ಹತ್ತು ದಿನ ಮುಂಚೆ ಹೋಗಿ, ಅಡಿಕೆ ಕೊಯ್ಲು ಶುರುವಾಗುವವರೆಗೂ ಉಳಿದೆ. ಆಗ ಕೆಲಸ ಆಯಿತು.

ಬೆಂಗಳೂರಿನಿಂದ ತಾಳಗುಪ್ಪ ರೈಲು ಹತ್ತಿ ಶಿವಮೊಗ್ಗ ಜಿಲ್ಲೆಯ ಸಾಗರ ಜಂಬಗಾರು ನಿಲ್ದಾಣದಲ್ಲಿ ಇಳಿಯಿರಿ. ಅಲ್ಲಿಂದ ಹೆಗ್ಗೋಡಿಗೆ ಎಂಟೊಂಬತ್ತು ಕಿಲೋಮೀಟರ್. ಬಸ್ ಇದೆ, ಆದರೆ ಕ್ಯಾಮೆರಾ, ಸ್ಟ್ಯಾಂಡ್ ಜೊತೆಗಿದ್ದರೆ ಆಟೋ ಒಳ್ಳೆಯದು.

ಹೆಗ್ಗೋಡೇ ಯಾಕೆ? ಪಕ್ಕದ ಭೀಮನಕೋಣೆಯಲ್ಲಿ ಚರಕ ಇದೆ. ರಂಗಕರ್ಮಿ ಪ್ರಸನ್ನ ಅವರು 1990ರ ದಶಕದಲ್ಲಿ ಕಟ್ಟಿದ ಮಹಿಳಾ ಸಹಕಾರ ಸಂಘ. ಗಿಡಮೂಲದ ಬಣ್ಣ, ಕೈಮಗ್ಗದ ಬಟ್ಟೆ. ಇನ್ನೊಂದು ಕಾರಣ ನೀನಾಸಂ. 1949ರಲ್ಲಿ ಹುಟ್ಟಿದ ಈ ನಾಟಕ ಸಂಘ 1970ರ ದಶಕದಲ್ಲೇ ಚಿತ್ರಸಮಾಜ ಕಟ್ಟಿ ಹಳ್ಳಿಯವರಿಗೆ ಜಗತ್ತಿನ ಸಿನಿಮಾ ತೋರಿಸಿತು. ಅದರ ಗುರುತು ಇವತ್ತಿಗೂ ಸಿಗುತ್ತದೆ. ನಾನು ಕ್ಯಾಮೆರಾ ತೆಗೆದಾಗ ಪಕ್ಕದ ಮನೆಯ ಹಿರಿಯರೊಬ್ಬರು ‘ಇದರಲ್ಲಿ ಮಾತು ಇರುತ್ತಾ, ಬರೀ ಕೆಲಸದ ಸದ್ದಾ?’ ಅಂತ ಕೇಳಿದರು. ಆ ಪ್ರಶ್ನೆಗೆ ನನ್ನ ಹತ್ತಿರ ಆಗ ಉತ್ತರ ಇರಲಿಲ್ಲ. ಇಡೀ ತಿಂಗಳು ಅದರ ಮೇಲೇ ಹೋಯಿತು ಅನ್ನಬಹುದು.

ನನ್ನದು ಯಾವ ಸಂಸ್ಥೆಯೂ ಕರೆದು ಕೊಟ್ಟ ರೆಸಿಡೆನ್ಸಿ, ಅಂದರೆ ಕಲಾವಿದರು ಉಳಿದು ಕೆಲಸ ಮಾಡುವ ಅವಕಾಶ, ಅಲ್ಲ. ಒಂದು ಮನೆಯ ಜಗಲಿ ಪಕ್ಕದ ಕೋಣೆ, ಊಟ ಸೇರಿ ತಿಂಗಳ ಬಾಡಿಗೆ. ನೀವೂ ಹೀಗೇ ಮಾಡಬಹುದು. ಮಗ್ಗದ ಮನೆ, ಬಣ್ಣದ ಮನೆ ಎಲ್ಲೇ ಆಗಲಿ, ಊರಿನಿಂದ ಹೊರಡುವ ಮುಂಚೆಯೇ ಮಾತಾಡಿ ಒಪ್ಪಿಗೆ ತಗೊಳ್ಳಿ. ಹಾಗೇ ಹಣದ ವಿಷಯವನ್ನೂ ಅವತ್ತೇ ಮಾತಾಡಿಬಿಡಿ. ನೇಯುವವರಿಗೆ ಕೂಲಿ ಬರುವುದು ನೇಯ್ದ ಮೀಟರ್ ಲೆಕ್ಕದಲ್ಲಿ. ‘ಅಕ್ಕಾ, ಇನ್ನೊಂದು ಸಲ ಲಾಳಿ ಹಾಕಿ’ ಅಂತ ನಾವು ನಿಲ್ಲಿಸಿದಷ್ಟು ಹೊತ್ತೂ ಅವರ ದುಡಿಮೆ ಕಡಿಮೆಯಾಗುತ್ತದೆ. ನಾನು ಅರ್ಧ ದಿನದ ಕೂಲಿ ಲೆಕ್ಕ ಹಾಕಿ ಕೊಟ್ಟೆ. ಉಡುಗೊರೆ ಅಂತ ಅಲ್ಲ, ಅದು ಅವರಿಗೆ ಸೇರಬೇಕಾದ ದುಡ್ಡು.

ಮೊದಲ ವಾರ ಕ್ಯಾಮೆರಾ ಚೀಲದಲ್ಲೇ ಇರಲಿ. ಸೀಗೆ ಹುಣ್ಣಿಮೆಯನ್ನೇ ಅಲ್ಲಿ ಭೂಮಿ ಹುಣ್ಣಿಮೆ ಅನ್ನುತ್ತಾರೆ. ಆ ದಿನಗಳಲ್ಲಿ ದೀವರು ಅನ್ನುವ ಸಮುದಾಯದ ಮನೆಗಳಲ್ಲಿ ಹೆಂಗಸರು ಭೂಮಣ್ಣಿ ಬುಟ್ಟಿಗೆ, ಅಂದರೆ ಪೂಜೆಗೆ ಗದ್ದೆಗೆ ಒಯ್ಯುವ ಬುಟ್ಟಿಗೆ, ಚಿತ್ತಾರ ಬರೆಯುತ್ತಾರೆ. ಬುಟ್ಟಿಗೆ ಕೆಮ್ಮಣ್ಣು ಬಳಿದು, ಅದರ ಮೇಲೆ ಅಕ್ಕಿ ಹಿಟ್ಟಿನ ಬಿಳಿ ಗೆರೆ. ಹಳದಿಗೆ ಗುರಿಗೆ ಕಾಯಿ. ಬ್ರಷ್ ಅಂದರೆ ಪುಂಡಿ ನಾರು. ನಾನು ಸುಮ್ನೆ ನೋಡುತ್ತಾ ಕೂತಿದ್ದೆ. ಮನೆಯ ಅಜ್ಜಿ ‘ಕೈ ಖಾಲಿ ಇಟ್ಕಂಡು ಕೂತ್ಕಬ್ಯಾಡ ತಂಗಿ, ನಾರು ಜಜ್ಜು’ ಅಂದರು. ಜಜ್ಜಿದೆ. ತುದಿ ಎಷ್ಟು ಬಿಡಿಸಬೇಕು ಅನ್ನುವುದು ಬೆರಳಿಗೇ ಗೊತ್ತಾಗಬೇಕು. ಜಾಸ್ತಿ ಆದರೆ ಗೆರೆ ಹರಡುತ್ತದೆ, ಕಡಿಮೆ ಆದರೆ ಹಿಟ್ಟು ಹಿಡಿಯುವುದಿಲ್ಲ. ಆಮೇಲೆ ನಾನು ತೆಗೆದ ಶಾಟ್‌ಗಳು ಬದಲಾದವು, ಯಾಕೆಂದರೆ ಎಲ್ಲಿ ನೋಡಬೇಕು ಅಂತ ಈಗ ಗೊತ್ತಿತ್ತು.

ಹುಣ್ಣಿಮೆಯ ದಿನ ಬೆಳಕು ಹರಿಯುವ ಮುಂಚೆ ಗದ್ದೆಗೆ ಹೋಗಿ, ನಾನಾ ಸೊಪ್ಪು-ಕುಡಿ ಹಾಕಿ ಮಾಡಿದ ಅಂಬಲಿಯನ್ನು ಕೂಗು ಹಾಕುತ್ತಾ ಬೀರುತ್ತಾರೆ. ತುಂಬಿದ ಪೈರು ಬಸುರಿ, ಇದು ಅವಳ ಸೀಮಂತ. ಕತ್ತಲಲ್ಲಿ ದೀಪ ಹಾಕಬೇಡಿ. ಧ್ವನಿ ಮಾತ್ರ ಹಿಡಿಯಿರಿ, ಅದೂ ಕೇಳಿ. ಆ ಕೂಗಿಗೆ ಚಿತ್ರ ಬೇಕಿಲ್ಲ.

ಇನ್ನು ಚೊಗರು. ಈ ಪ್ರಯಾಣದಲ್ಲಿ ನನಗೆ ತುಂಬಾ ಹಿಡಿಸಿದ್ದು ಇದೇ. ಸುಲಿದ ಅಡಿಕೆಯನ್ನು ಹಂಡೆಯಲ್ಲಿ ಬೇಯಿಸುತ್ತಾರಲ್ಲ, ಆ ನೀರು ಒಬ್ಬೆ ಮೇಲೆ ಒಬ್ಬೆ ಬೆಂದು ಗಟ್ಟಿಯಾಗಿ ಕಡುಕೆಂಪು ರಸವಾಗುತ್ತದೆ. ಅದೇ ಚೊಗರು. ಬಣ್ಣದವರಿಗೆ ಅದು ಚಿನ್ನ. ಆದರೆ ಹತ್ತಿ ನೂಲು ಬಣ್ಣವನ್ನು ಸುಲಭಕ್ಕೆ ಹಿಡಿದುಕೊಳ್ಳುವುದಿಲ್ಲ. ಅದಕ್ಕೇ ಅಳಲೆಕಾಯಿ, ಪಟಿಕದ ನೀರಿನಲ್ಲಿ ನೂಲನ್ನು ಹದ ಮಾಡಿಕೊಳ್ಳಬೇಕು. ಹಾಗೆ ಹದವಾದ ನೂಲಿನ ಲಡಿ (ಕಟ್ಟು) ಚೊಗರಿನಿಂದ ಮೇಲೆ ಬಂದಾಗ ಇಟ್ಟಿಗೆ ಬಣ್ಣ. ಅದೇ ಲಡಿಯನ್ನು ಕಬ್ಬಿಣದ ತುಕ್ಕಿನ ನೀರಿಗೆ ಅದ್ದಿ, ನೋಡನೋಡುತ್ತಾ ಕಪ್ಪಿಗೆ ತಿರುಗುತ್ತದೆ. ಅದನ್ನು ಕಟ್ ಮಾಡದೆ ಒಂದೇ ಶಾಟ್‌ನಲ್ಲಿ ತೆಗೆಯಿರಿ.

ಇಲ್ಲಿ ನಾನು ಮಾಡಿದ ತಪ್ಪು ಹೇಳಿಬಿಡುತ್ತೇನೆ. ಬೆಳಕಿಗೆ ತಕ್ಕಂತೆ ಬಣ್ಣ ಹೊಂದಿಸುವ ವೈಟ್ ಬ್ಯಾಲೆನ್ಸನ್ನು ಕ್ಯಾಮೆರಾದ ಆಟೋ ಸೆಟ್ಟಿಂಗ್‌ನಲ್ಲೇ ಬಿಟ್ಟಿದ್ದೆ. ಕ್ಯಾಮೆರಾ ಚೊಗರಿನ ಕೆಂಪನ್ನು ‘ಸರಿ’ ಮಾಡಿ ಒಂದೊಂದು ಶಾಟ್‌ನಲ್ಲಿ ಒಂದೊಂದು ಬಣ್ಣ ಕೊಟ್ಟಿತು. ಎರಡು ದಿನದ ಕೆಲಸ ಹೋಯಿತು. ಬೂದು ಬಣ್ಣದ ಗ್ರೇ ಕಾರ್ಡ್ ಇಟ್ಟು ವೈಟ್ ಬ್ಯಾಲೆನ್ಸ್ ಲಾಕ್ ಮಾಡಿ. ಜೊತೆಗೆ ಪ್ರತಿ ಬಣ್ಣದ ಒಂದು ಎಳೆ ನೂಲನ್ನು ನೋಟ್‌ಬುಕ್‌ಗೆ ಅಂಟಿಸಿ, ಎಡಿಟಿಂಗ್ ಹೊತ್ತಿಗೆ ಅದೇ ಸಾಕ್ಷಿ.

ಫಿಲ್ಮ್ ರೀಲಿನಲ್ಲಿ ಕೆಲಸ ಮಾಡುವವರು ಒಂದು ತುಂಡು ಕಪ್ಪು-ಬಿಳುಪು 16 ಎಂ.ಎಂ. ತಗೊಂಡು ಹೋಗಿ. ಎಲೆಯನ್ನು ವಾಷಿಂಗ್ ಸೋಡಾ, ವಿಟಮಿನ್ ಸಿ ಬೆರೆಸಿದ ನೀರಿನಲ್ಲಿ ನೆನೆಸಿ ಫಿಲ್ಮ್ ಮೇಲಿಟ್ಟು ಬಿಸಿಲಿಗೆ ಹಿಡಿದರೆ ಎಲೆಯ ನರನರವೂ ಮೂಡುತ್ತದೆ. ಆಮೇಲೆ ಚಿತ್ರ ಅಳಿಯದ ಹಾಗೆ ನಿಲ್ಲಿಸುವ ಹೈಪೋ ದ್ರಾವಣದಲ್ಲಿ ತೊಳೆಯಬೇಕು. ಅಂಗಳದಲ್ಲಿ ಅದನ್ನು ಮಾಡಿದ ದಿನ ಮಗ್ಗದ ಕಂಡಿಕೆಗೆ ನೂಲು ಸುತ್ತುತ್ತಿದ್ದ ಅಕ್ಕಂದಿರು ಎದ್ದು ಬಂದು ಬೆಳಕಿಗೆ ಹಿಡಿದು ನೋಡಿದರು. ಅವತ್ತಿನಿಂದ ನನ್ನ ಕೆಲಸವೂ ಒಂದು ಕೈಕೆಲಸ ಅಂತ ಅವರಿಗೆ ಅನಿಸಿತು.

ಆರೋಗ್ಯದ ವಿಷಯ ಹಗುರವಾಗಿ ತಗೋಬೇಡಿ. ಮಳೆ ಬಿಡುವವರೆಗೆ ಉಂಬಳ (ಜಿಗಣೆ) ಇರುತ್ತವೆ, ಅದಕ್ಕೆ ಉಪ್ಪು ಸಾಕು. ಮಳೆ ನಿಂತ ಮೇಲೆ ಬರುವ ಉಣುಗಿನ (ಉಣ್ಣೆಯ) ಬಗ್ಗೆ ನಿಜಕ್ಕೂ ಎಚ್ಚರ ಬೇಕು. ಅದು ಕಚ್ಚಿ ಹರಡುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಗೊತ್ತಾದದ್ದು ಇದೇ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ. ಸಾಗರ ತಾಲ್ಲೂಕಿನಲ್ಲೂ ಸಾವುಗಳಾಗಿವೆ. ನವೆಂಬರ್ ನಂತರ ಉಳಿಯುವುದಾದರೆ ಕಾಡಿಗೆ ಹೋಗುವ ಮುಂಚೆ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. ತರಗೆಲೆ ಮೇಲೆ ಕೂತು ಶೂಟ್ ಮಾಡಬೇಡಿ. ಮಂಗ ಸತ್ತಿದೆ ಅಂದ ಕಡೆ ಹೋಗಲೇಬೇಡಿ. ಲೆನ್ಸ್‌ಗೆ ಬೂಸ್ಟು ಹಿಡಿಯದ ಹಾಗೆ ಸಿಲಿಕಾ ಜೆಲ್ ಜಾಸ್ತಿ ಇಟ್ಟುಕೊಳ್ಳಿ. ಕರೆಂಟ್ ಹೋಗುತ್ತಿರುತ್ತದೆ, ಬ್ಯಾಟರಿ ಎರಡು ಹೆಚ್ಚೇ ಇರಲಿ.

ಹೊರಡುವ ಮುಂಚೆ ತೆಗೆದದ್ದನ್ನು ಅವರಿಗೆ ತೋರಿಸಲು ಒಂದು ಸಂಜೆ ಬಿಡಿ. ನಾನು ಮನೆಯ ಸುಣ್ಣದ ಗೋಡೆ ಮೇಲೆ ತೋರಿಸಿದೆ. ಒಬ್ಬ ಅಕ್ಕ ತನ್ನ ಮುಖ ಬೇಡ, ಕೈ ಇರಲಿ ಅಂದರು. ಮುಖ ತೆಗೆದುಹಾಕಿದೆ. ಮಗ್ಗದ ಹಣಿಗೆಗೆ (ಬಾಚಣಿಗೆಯಂಥ ಭಾಗಕ್ಕೆ) ಒಂದೊಂದೇ ಎಳೆ ಪೋಣಿಸುವ ಶಾಟ್ ಹನ್ನೊಂದು ನಿಮಿಷದ್ದು, ಅರ್ಧಕ್ಕೆ ಕತ್ತರಿಸಬೇಕು ಅಂದುಕೊಂಡಿದ್ದೆ. ಅಕ್ಕಂದಿರು ಅದನ್ನು ಎರಡು ಸಲ ಹಾಕಿಸಿಕೊಂಡು ನೋಡಿದರು. ‘ಅಲ್ಲಿ ಒಂದು ಎಳೆ ತಪ್ಪಿದೆ ನೋಡು’ ಅಂತ ತಮ್ಮತಮ್ಮಲ್ಲೇ ಮಾತಾಡಿಕೊಂಡರು. ಆ ಶಾಟ್ ಈಗ ಪೂರ್ತಿ ಇದೆ, ಆ ಮಾತೂ ಅದರ ಮೇಲೇ ಇದೆ.